ಪೇಟಿ ಮಾರಬೇಕಾ, ಗುಳಿಗೆ ಬಿಡಬೇಕಾ?

ಪ್ರಶ್ನೆ: ನಾವು ಸುರಪುರ ತಾಲೂಕಿನ ಒಂದು ಹಳ್ಳಿಯವರು. ನನ್ನ ತಮ್ಮನಿಗೆ 27 ವರ್ಷ. ಚಿಕ್ಕಂದಿನಿಂದ ಊರಿನ ಭಜನಾ ಮೇಳದಲ್ಲಿ ತತ್ವಪದ ಹಾಡ್ತಾನೆ, ಪೇಟಿ (ಹಾರ್ಮೋನಿಯಂ) ಬಾರಿಸ್ತಾನೆ. ಹೋದ ವರ್ಷ ಶ್ರಾವಣದಲ್ಲಿ ರಾತ್ರಿಯಿಡೀ ಭಜನೆ ನಡೀತು. ಆಮೇಲೆ ಅವನಿಗೆ ನಿದ್ದೆನೇ ಹತ್ತಲಿಲ್ಲ. ಹಗಲು ರಾತ್ರಿ ಹಾಡಿದ. ಗೊಬ್ಬರಕ್ಕೆ ಇಟ್ಟ ದುಡ್ಡು ಕಂಡವರಿಗೆಲ್ಲ ಹಂಚಿದ. ‘ಶರಣರೇ ನನ್ನ ಬಾಯಿಂದ ಹಾಡ್ಲಿಕತ್ಯಾರ’ ಅಂದ. ಗಾಣಗಾಪುರಕ್ಕೆ ಕರಕೊಂಡು ಹೋದೆವು, ಕಡಿಮೆ ಆಗಲಿಲ್ಲ. ಕೊನೆಗೆ ಕಲಬುರಗಿಯ ದವಾಖಾನೆಯಲ್ಲಿ ಮೂರು ವಾರ ಇಟ್ಟುಕೊಂಡರು. ಬೈಪೋಲಾರ್ ಅಂತ ಹೇಳಿ ಲಿಥಿಯಂ ಗುಳಿಗೆ ಕೊಟ್ಟಿದ್ದಾರೆ. ಈಗ ಸಮಾಧಾನವಾಗಿದ್ದಾನೆ, ಹೊಲಕ್ಕೂ ಹೋಗ್ತಾನೆ. ಆದರೆ ಪೇಟಿ ಮುಟ್ಟೋದಿಲ್ಲ. ಕೈ ನಡುಗ್ತದೆ ಅಂತಾನೆ. ನಮ್ಮ ಕಾಕಾ ‘ಹಾಡಿ ಹಾಡೇ ತಲಿ ಕೆಟ್ಟದ, ಪೇಟಿ ಮಾರಿಬಿಡ್ರಿ’ ಅಂತಾರೆ. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗ ರಾಗ ಚಿಕಿತ್ಸೆಯ ವಿಡಿಯೋ ಕಳಿಸಿ, ‘ಹಿಂದೆ ಬೀದರಿನ ಸುಲ್ತಾನರ ದವಾಖಾನೆಯಲ್ಲಿ ಸಂಗೀತದಿಂದಲೇ ಹುಚ್ಚು ಬಿಡಿಸ್ತಿದ್ದರು, ಗುಳಿಗೆ ನಿಲ್ಲಿಸಿ’ ಅಂತಾನೆ. ವಾರ್ಡಿನಲ್ಲಿ ದಿನಾ ಸಂಜೆ ರೋಗಿಗಳಿಂದ ಭಜನೆ ಹಾಡಿಸ್ತಿದ್ದರು. ಅದೂ ಟ್ರೀಟ್‌ಮೆಂಟಾ? ಈಗ ಮತ್ತೆ ಶ್ರಾವಣ ಬರ್ತಿದೆ, ಮೇಳದವರು ಕರೀತಿದ್ದಾರೆ. ಏನು ಮಾಡೋದು ಡಾಕ್ಟ್ರೇ?

ಉತ್ತರ: ಪೇಟಿ ಮಾರಬೇಡಿ. ಗುಳಿಗೆಯನ್ನೂ ನಿಲ್ಲಿಸಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ. ಮನೆಯಲ್ಲಿ ಎರಡು ಕಡೆಯಿಂದ ಎಳೆದಾಟ ನಡೆದಿರುವುದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ನಾಳೆ ಯಾರ ಮಾತು ಗೆಲ್ಲುತ್ತದೋ ಅನ್ನುವುದೇ ನನ್ನ ಚಿಂತೆ.

ಹಾಡಿನಿಂದಲೇ ಕಾಯಿಲೆ ಬಂತು ಅಂತ ಕಾಕಾ ಅಂತಾರೆ. ಹಾಡಿನಿಂದಲೇ ಕಾಯಿಲೆ ಹೋಗುತ್ತದೆ ಅಂತ ಬೆಂಗಳೂರಿನ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಅಂತಾರೆ. ಇಬ್ಬರಿಗೂ ನಿಮ್ಮ ತಮ್ಮನ ಮೇಲೆ ಪ್ರೀತಿ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಪೇಟಿ ಬಾರಿಸುವ ಹುಡುಗನನ್ನು ಯಾರಾದರೂ ಕೂರಿಸಿಕೊಂಡು ‘ನಿನಗೆ ಏನು ಬೇಕು’ ಅಂತ ಕೇಳಿದ್ದಾರಾ? ಪತ್ರದಲ್ಲಿ ಆ ಮಾತು ಇಲ್ಲ. ಅದನ್ನು ಮೊದಲು ಕೇಳಿ.

ಈಗ ಕಾಕಾ ಅವರ ಮಾತಿಗೆ ಬರೋಣ. ಜ್ವರ ಬಂದಾಗ ಮೈ ಬಿಸಿಯಾಗುತ್ತದೆ. ಮೈ ಬಿಸಿಯಾದದ್ದಕ್ಕೇ ಜ್ವರ ಬಂತು ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಹಗಲು ರಾತ್ರಿ ಹಾಡಿದ್ದೂ ಹಾಗೇ, ಅದು ಕಾಯಿಲೆಯ ಲಕ್ಷಣ. ಬೈಪೋಲಾರ್ ಅಂದರೆ ಮನಸ್ಸು ಕೆಲವೊಮ್ಮೆ ಅತಿಯಾಗಿ ಏರುವ, ಕೆಲವೊಮ್ಮೆ ಅತಿಯಾಗಿ ಕುಗ್ಗುವ ಕಾಯಿಲೆ. ಅದರ ಏರು ಹಂತಕ್ಕೆ ನಾವು ಮೇನಿಯಾ ಅನ್ನುತ್ತೇವೆ. ಆಗ ನಿದ್ದೆ ಬೇಕು ಅಂತಲೇ ಅನಿಸುವುದಿಲ್ಲ. ಮಾತು ಜಾಸ್ತಿ, ಖರ್ಚು ಜಾಸ್ತಿ, ದೇವರೇ ನನ್ನನ್ನು ಆರಿಸಿಕೊಂಡಿದ್ದಾನೆ ಅನ್ನುವ ನಂಬಿಕೆ. ರೈತ ನಡುರಾತ್ರಿ ಹೊಲಕ್ಕೆ ಹೋಗುತ್ತಾನೆ. ವ್ಯಾಪಾರಿ ಒಂದೇ ದಿನ ಹತ್ತು ವ್ಯವಹಾರ ಶುರು ಮಾಡುತ್ತಾನೆ. ನಿಮ್ಮ ತಮ್ಮ ಹಾಡುಗಾರ, ಅದಕ್ಕೆ ಹಾಡಿದ. ಈ ಕಾಯಿಲೆಗೆ ಮನೆತನದಲ್ಲಿ ಬರುವ ಒಲವು ದೊಡ್ಡ ಕಾರಣ. ಅದು ಮೊದಲೇ ಇದ್ದವರಿಗೆ ಹರೆಯದಲ್ಲಿ ಯಾವುದೋ ಒಂದು ನೆಪ ಸಿಕ್ಕರೆ ಸಾಕು.

ಕಾಕಾ ಹೇಳಿದ್ದರಲ್ಲಿ ಒಂದು ನಿಜವೂ ಇದೆ. ರಾತ್ರಿಯಿಡೀ ಭಜನೆ ನಡೆದ ಮೇಲೆ ಶುರುವಾಯಿತು ಅಂತ ನೀವೇ ಬರೆದಿದ್ದೀರಿ. ಅಲ್ಲಿ ತೊಂದರೆ ಕೊಟ್ಟದ್ದು ಹಾಡಲ್ಲ, ನಿದ್ದೆಗೆಟ್ಟದ್ದು. ಬೈಪೋಲಾರ್ ಇರುವವರಿಗೆ ಒಂದು ರಾತ್ರಿ ನಿದ್ದೆ ಹೋದರೂ ಮೇನಿಯಾ ಹೊತ್ತಿಕೊಳ್ಳಬಹುದು. ಮದುವೆ ಮನೆ, ರಾತ್ರಿ ಪಾಳಿ, ಜಾತ್ರೆ, ಮೊಹರಂನ ರಿವಾಯತ್ ಹಾಡುವ ರಾತ್ರಿಗಳು, ಶಿವರಾತ್ರಿಯ ಜಾಗರಣೆ ಆದ ಮೇಲೆ ಹೀಗೆ ಬರುವವರನ್ನು ನಾನು ವರ್ಷ ವರ್ಷ ನೋಡುತ್ತೇನೆ. ಹಾಗಾಗಿ ಕಾಕಾಗೆ ಹೀಗೆ ಹೇಳಿ: ಪೇಟಿ ಮನೆಯಲ್ಲಿರಲಿ, ಜಾಗರಣೆ ಬೇಡ.

ಗಾಣಗಾಪುರದ ಬಗ್ಗೆ ಒಂದು ಮಾತು. ಮಹಾಮಂಗಳಾರತಿ ಹೊತ್ತಿನಲ್ಲಿ ನಗಾರಿ, ಗಂಟೆ ಸದ್ದಿಗೆ ಮೈಮೇಲೆ ಬಂದವರು ಕಂಬ ಹತ್ತುವುದನ್ನು ನಮ್ಮ ಭಾಗದವರೆಲ್ಲ ನೋಡಿದ್ದಾರೆ. ಅಲ್ಲಿಗೆ ಹೋದದ್ದಕ್ಕೆ ಯಾರನ್ನೂ ನಾನು ಬೈಯುವುದಿಲ್ಲ. ಜನರಿಗೆ ಅಲ್ಲಿ ಧೈರ್ಯ ಸಿಗುತ್ತದೆ. ಬಂದೇನವಾಜ್ ದರ್ಗಾದಲ್ಲಿ ಕವ್ವಾಲಿ ಕೇಳುತ್ತಾ ಕೂತರೂ ಮನಸ್ಸು ಹಗುರವಾಗುತ್ತದೆ. ಆದರೆ ನಿದ್ದೆ ಬಿಟ್ಟು ಕೆರಳಿದವನನ್ನು ಜೋರು ಸದ್ದಿನ ನಡುವೆ ದಿನಗಟ್ಟಲೆ ನಿಲ್ಲಿಸಿದರೆ ಕೆರಳಿಕೆ ಇನ್ನೂ ಏರುತ್ತದೆ. ಕಟ್ಟಿಹಾಕುವುದಂತೂ ಕೂಡದು. 2001ರಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ ದರ್ಗಾದ ಹತ್ತಿರ ಮನೋರೋಗಿಗಳನ್ನು ಇಟ್ಟುಕೊಂಡಿದ್ದ ಒಂದು ಜಾಗಕ್ಕೆ ಬೆಂಕಿ ಬಿತ್ತು. ಸರಪಳಿ ಹಾಕಿದ್ದರಿಂದ ಓಡಲಾಗದೆ 28 ಜನ ಸತ್ತರು.

ಇನ್ನು ನಿಮ್ಮ ಅಣ್ಣ ಹೇಳಿದ ಕತೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಅರ್ಧ ನಿಜ ಇದ್ದದ್ದೇ ಇದರ ಅಪಾಯ. ಬೀದರಿನಲ್ಲಿ ಸುಲ್ತಾನರ ಆಸ್ಪತ್ರೆ ಇದ್ದದ್ದು ನಿಜ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಶಾ ಅದನ್ನು ಕಟ್ಟಿಸಿದ. ಇತಿಹಾಸಕಾರ ಫೆರಿಷ್ತಾ ಅದರ ಬಗ್ಗೆ ಬರೆದಿದ್ದಾನೆ. ಹಿಂದೂ ವೈದ್ಯರೂ ಇದ್ದರು, ಮುಸ್ಲಿಂ ಹಕೀಮರೂ ಇದ್ದರು. ಔಷಧ ಮತ್ತು ಊಟದ ಖರ್ಚಿಗೆ ಹಳ್ಳಿಗಳ ಆದಾಯ ಬಿಟ್ಟುಕೊಟ್ಟಿದ್ದರು. ನೋಡಿ, ಅಲ್ಲಿ ಸುಲ್ತಾನ ದುಡ್ಡು ಹಾಕಿದ್ದು ವೈದ್ಯರಿಗೆ, ಔಷಧಕ್ಕೆ, ಅನ್ನಕ್ಕೆ.

ಸಂಗೀತದ ಕತೆ ಬಂದದ್ದು ಬೇರೆ ಕಡೆಯಿಂದ. ಟರ್ಕಿಯ ಎದಿರ್ನೆ ಊರಿನಲ್ಲಿ ಸುಲ್ತಾನ ಎರಡನೇ ಬಾಯಜೀದ್ ಕಟ್ಟಿಸಿದ ಆಸ್ಪತ್ರೆ 1488ರಲ್ಲಿ ಪೂರ್ತಿಯಾಯಿತು. 17ನೇ ಶತಮಾನದಲ್ಲಿ ಎವ್ಲಿಯಾ ಚೆಲೆಬಿ ಅನ್ನುವ ಪ್ರವಾಸಿ ಅದನ್ನು ನೋಡಿ ಬರೆದ. ಹತ್ತು ಜನ ಸಂಗೀತಗಾರರು, ವಾರಕ್ಕೆ ಮೂರು ದಿನ, ಮನೋರೋಗಿಗಳ ಮುಂದೆ ಹಾಡುತ್ತಿದ್ದರು, ಕೊಳಲು ಸಂತೂರ್ ನುಡಿಸುತ್ತಿದ್ದರು. ನಡುವೆ ಕಾರಂಜಿ, ಸುತ್ತ ಹೂವಿನ ತೋಟ. ಆ ಕಟ್ಟಡ ಈಗಲೂ ಇದೆ, ಮ್ಯೂಸಿಯಂ ಆಗಿದೆ. ಇಷ್ಟನ್ನು ವಿಡಿಯೋ ಮಾಡುವವರು ಹೇಳುತ್ತಾರೆ. ಅದೇ ಪ್ರವಾಸಿ ಅದೇ ಆಸ್ಪತ್ರೆಯಲ್ಲಿ ಕೊರಳಿಗೆ ಸರಪಳಿ ಹಾಕಿದ ರೋಗಿಗಳನ್ನೂ ವರ್ಣಿಸಿದ್ದಾನೆ. ಅವರಿಗೆ ಔಷಧವನ್ನೂ ವಿಶೇಷ ಊಟವನ್ನೂ ಕೊಡುತ್ತಿದ್ದುದನ್ನೂ ಬರೆದಿದ್ದಾನೆ. ಇವೆರಡು ವಿಡಿಯೋಗಳಲ್ಲಿ ಬರುವುದಿಲ್ಲ.

ನಮ್ಮ ಚರಕ ಸಂಹಿತೆಯಲ್ಲೂ ಹೀಗೇ ಇದೆ. ಸೂತ್ರಸ್ಥಾನದ 15ನೇ ಅಧ್ಯಾಯದಲ್ಲಿ ಆಸ್ಪತ್ರೆ ಹೇಗಿರಬೇಕು ಅಂತ ಹೇಳುವಾಗ ಗಾಳಿ ಆಡುವ ಗಟ್ಟಿ ಕಟ್ಟಡ, ಅಡುಗೆಯವರು, ಸ್ನಾನ ಮಾಡಿಸುವವರು, ಮೈ ತಿಕ್ಕುವವರು, ಔಷಧ ಅರೆಯುವವರು ಇರಬೇಕು ಅನ್ನುತ್ತದೆ. ಅವರ ಜೊತೆಗೆ ಹಾಡು, ವಾದ್ಯ, ಕತೆ, ಪುರಾಣ ಬಲ್ಲವರೂ ಬೇಕು ಅನ್ನುತ್ತದೆ. ನನಗೆ ಈ ಪಟ್ಟಿ ಬಹಳ ಇಷ್ಟ. ಅಡುಗೆಯವರ ಸಾಲಿನಲ್ಲೇ ಹಾಡುಗಾರನಿಗೂ ಜಾಗ ಇದೆ. ಹಾಡುಗಾರ ಇದ್ದಾನೆ ಅಂತ ಔಷಧ ಅರೆಯುವವನನ್ನು ಮನೆಗೆ ಕಳಿಸಿಲ್ಲ.

ಸಂಗೀತವನ್ನು ಆಸ್ಪತ್ರೆಯಲ್ಲಿ ಗಟ್ಟಿಯಾಗಿ ಪರೀಕ್ಷೆ ಮಾಡಿ ನೋಡಿದವರಲ್ಲಿ ಫ್ರಾನ್ಸಿನ ಎಸ್ಕಿರಾಲ್ ದೊಡ್ಡ ಹೆಸರು. 19ನೇ ಶತಮಾನದ ಮೊದಲರ್ಧದ ಮನೋವೈದ್ಯ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಹೆಣ್ಣುಮಕ್ಕಳಿಗಾಗಿ ಒಳ್ಳೆಯ ಸಂಗೀತಗಾರರನ್ನೇ ಕರೆಸಿ ಕಚೇರಿ ಮಾಡಿಸಿದ. ಒಬ್ಬೊಬ್ಬ ರೋಗಿಗೆ ಬೇರೆಯಾಗಿ ಕೇಳಿಸಿದ, ಗುಂಪಿನಲ್ಲೂ ಕೇಳಿಸಿದ. ಕೊನೆಗೆ ಅವನು ಬರೆದದ್ದರ ಸಾರ ಇಷ್ಟು: ಸಂಗೀತದಿಂದ ಕೆಲವರಿಗೆ ಸಮಾಧಾನ ಸಿಕ್ಕಿತು, ಕೆಲವರು ಇನ್ನೂ ಕೆರಳಿದರು, ಅದರಿಂದಲೇ ಗುಣವಾದವರು ಕಾಣಲಿಲ್ಲ. ಆದರೂ ಬಿಡಬಾರದು, ಚೇತರಿಸಿಕೊಳ್ಳುವವರಿಗೆ ಬಹಳ ಉಪಯೋಗ. ಆಗ ಅವನ ಕೈಯಲ್ಲಿ ಒಂದು ಒಳ್ಳೆಯ ಔಷಧವೂ ಇರಲಿಲ್ಲ. ಸಂಗೀತವೇ ಮದ್ದು ಅಂತ ಸಾರಲು ಎಲ್ಲ ಕಾರಣವೂ ಇತ್ತು. ಹಾಗೆ ಸಾರಲಿಲ್ಲ. ಇಂದಿಗೂ ನಾನು ನಂಬುವ ತೀರ್ಪು ಅದೇ.

ಇಂಗ್ಲೆಂಡಿನಲ್ಲಿ ಅದೇ ಶತಮಾನದಲ್ಲಿ ದೊಡ್ಡ ದೊಡ್ಡ ಹುಚ್ಚಾಸ್ಪತ್ರೆಗಳು ಎದ್ದವು. ಆಗಿನ ಹೆಸರೇ ಅದು. ಹೆಚ್ಚಿನವಕ್ಕೆ ಸ್ವಂತ ಬ್ಯಾಂಡ್ ಇತ್ತು. ವೂಸ್ಟರ್ ಹತ್ತಿರದ ಪೊವಿಕ್ ಆಸ್ಪತ್ರೆಯ ಬ್ಯಾಂಡಿಗೆ 1879ರಿಂದ 1884ರವರೆಗೆ ಗುರುವಾಗಿದ್ದವನು ಎಡ್ವರ್ಡ್ ಎಲ್ಗರ್, ಮುಂದೆ ಇಂಗ್ಲೆಂಡಿನ ಬಹಳ ದೊಡ್ಡ ಸಂಗೀತ ರಚನಕಾರ ಆದವನು. ಅಲ್ಲಿ ಬಾರಿಸುತ್ತಿದ್ದವರು ಆಸ್ಪತ್ರೆಯ ನೌಕರರು. ಶುಕ್ರವಾರ ರೋಗಿಗಳಿಗೆ ನೃತ್ಯ. ಅದಕ್ಕಾಗಿ ಎಲ್ಗರ್ ಪೋಲ್ಕಾ ಅನ್ನುವ ಕುಣಿತಕ್ಕೆ ಹೊಸ ಹೊಸ ಸಂಗೀತ ಬರೆದುಕೊಟ್ಟ. ಗಂಡಸರ ವಾರ್ಡು, ಹೆಂಗಸರ ವಾರ್ಡು ಬೇರೆ ಬೇರೆ ಇದ್ದ ಕಾಲ. ಇಬ್ಬರೂ ಒಂದೇ ಕೋಣೆಯಲ್ಲಿ ಮನುಷ್ಯರ ಹಾಗೆ ಎದುರುಬದುರಾಗಲು ಇದ್ದ ಅವಕಾಶ ಇಂಥ ಸಂಜೆ. ವರ್ಷಗಟ್ಟಲೆ ಒಳಗೇ ಇದ್ದವರಿಗೆ ಅದು ಎಷ್ಟು ದೊಡ್ಡದು ಅಂತ ಯೋಚಿಸಿ. ಆದರೆ ಗಲಾಟೆ ಮಾಡುವವರಿಗೆ ಒಳಗೆ ಪ್ರವೇಶವಿಲ್ಲ. ಸಂಗೀತ ಒಳ್ಳೆಯ ನಡತೆಗೆ ಸಿಗುವ ಬಹುಮಾನವೂ ಆಗಿತ್ತು. ಸುಮ್ಮನೆ ಇರಿಸುವ ಉಪಾಯವೂ ಆಗಿತ್ತು. ಈ ಎರಡು ಮುಖವೂ ಈ ಇತಿಹಾಸದ ಉದ್ದಕ್ಕೂ ಇವೆ.

ಸಂಗೀತ ಒಂದೇ ಸಾಕಾಗಿದ್ದರೆ ಜರ್ಮನಿಯ ದೊಡ್ಡ ಸಂಗೀತ ರಚನಕಾರ ರಾಬರ್ಟ್ ಶೂಮನ್ ಉಳಿಯಬೇಕಿತ್ತು. ಅವನಷ್ಟು ಸಂಗೀತ ತಲೆಯಲ್ಲಿ ತುಂಬಿಕೊಂಡವರು ಎಷ್ಟು ಜನ? 1854ರ ಫೆಬ್ರವರಿಯಲ್ಲಿ ಅವನಿಗೆ ಒಂದೇ ಸ್ವರ ಬಿಡದೆ ಕೇಳಿಸಲು ಶುರುವಾಯಿತು. ಆಮೇಲೆ ದೇವತೆಗಳ ಹಾಡು, ಅದರ ಹಿಂದೆ ದೆವ್ವಗಳ ಕೂಗು. ರೈನ್ ನದಿಗೆ ಹಾರಿದ. ಎತ್ತಿ ಉಳಿಸಿದರು. ಎಂಡೆನಿಕ್‌ನ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಅವನಿಗೆ ಪಿಯಾನೋ ಇತ್ತು. ಸ್ನೇಹಿತ ಬ್ರಾಮ್ಸ್ ಹೋಗಿ ಬರುತ್ತಿದ್ದ. 1856ರಲ್ಲಿ ಶೂಮನ್ ಅಲ್ಲೇ ತೀರಿಕೊಂಡ, 46ನೇ ವಯಸ್ಸಿನಲ್ಲಿ. ಅವನ ಕಾಲದಲ್ಲಿ ಲಿಥಿಯಂ ಇರಲಿಲ್ಲ. ಮೇನಿಯಾಗೆ ಲಿಥಿಯಂ ಕೆಲಸ ಮಾಡುತ್ತದೆ ಅಂತ ಆಸ್ಟ್ರೇಲಿಯಾದ ಜಾನ್ ಕೇಡ್ ಬರೆದದ್ದು 1949ರಲ್ಲಿ. ನಿಮ್ಮ ತಮ್ಮ ನುಂಗುತ್ತಿರುವುದು ಆ ಗುಳಿಗೆಯನ್ನೇ. ಅದನ್ನು ಕಸದ ಬುಟ್ಟಿಗೆ ಹಾಕಿ ಅಂತ ವಿಡಿಯೋ ಹೇಳಿದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ.

ಇಂಥ ರೋಗಕ್ಕೆ ಇಂಥ ರಾಗ ಅನ್ನುವ ಪಟ್ಟಿಗೆ ಪುರಾವೆ ಇಲ್ಲ. ಟರ್ಕಿಯಲ್ಲೂ ಇಂಥ ಪಟ್ಟಿಗಳಿದ್ದವು. ತರಬೇತಾದ ಮ್ಯೂಸಿಕ್ ಥೆರಪಿಸ್ಟ್ ಮಾಡುವ ಕೆಲಸ ಬೇರೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಆಸ್ಪತ್ರೆಗಳಲ್ಲಿ ಗಾಯಾಳು ಸೈನಿಕರ ನಡುವೆ ಅದಕ್ಕೆ ಬಲ ಬಂತು, 1950ರಲ್ಲಿ ಅಲ್ಲಿ ಅವರ ರಾಷ್ಟ್ರೀಯ ಸಂಘವೂ ಹುಟ್ಟಿತು. ಸ್ಕಿಜೋಫ್ರೇನಿಯಾ ಅನ್ನುವ ಇನ್ನೊಂದು ಮನೋರೋಗದ ಬಗ್ಗೆ ಕಾಕ್ರೇನ್ ಅನ್ನುವ ಅಂತರರಾಷ್ಟ್ರೀಯ ಸಂಶೋಧಕರ ಸಂಸ್ಥೆಯ 2017ರ ವಿಮರ್ಶೆ 18 ಅಧ್ಯಯನಗಳನ್ನು, 1,215 ಜನರನ್ನು ಒಟ್ಟಿಗೆ ನೋಡಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಮ್ಯೂಸಿಕ್ ಥೆರಪಿ ಸೇರಿಸಿದಾಗ ಮನಸ್ಸಿನ ಸ್ಥಿತಿ, ಜನರ ಜೊತೆ ಬೆರೆಯುವುದು ಸುಧಾರಿಸಿತು. ‘ಜೊತೆಗೆ’ ಅನ್ನುವ ಪದಕ್ಕೆ ಗೆರೆ ಎಳೆಯಿರಿ. ಬೈಪೋಲಾರ್‌ಗೆ ಇಷ್ಟು ಗಟ್ಟಿಯಾದ ಪುರಾವೆ ಇನ್ನೂ ಇಲ್ಲ.

ವಾರ್ಡಿನ ಸಂಜೆ ಭಜನೆ ಟ್ರೀಟ್‌ಮೆಂಟಾ ಅಂತ ಕೇಳಿದ್ದೀರಿ. ಕಟ್ಟುನಿಟ್ಟಾಗಿ ಹೇಳಿದರೆ ಅಲ್ಲ. ಆದರೆ ಬೇಕಾದದ್ದೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಒಳರೋಗಿಗೆ ಮನರಂಜನೆ, ಬಿಡುವು, ಧಾರ್ಮಿಕ ಆಚರಣೆಗೆ ಅನುಕೂಲ ಸಿಗಬೇಕು. ಅದು ಹಕ್ಕು. ‘ಧಾರವಾಡಕ್ಕೆ ಕಳಿಸ್ತೀನಿ’, ‘ಎರ್ರಗಡ್ಡಕ್ಕೆ ಹಾಕ್ತೀನಿ’ ಅಂತ ಧಾರವಾಡ, ಹೈದರಾಬಾದಿನ ಮಾನಸಿಕ ಆಸ್ಪತ್ರೆಗಳ ಹೆಸರು ಹೇಳಿ ಹೆದರಿಸುವುದನ್ನು ಕೇಳುತ್ತಾ ಬೆಳೆದ ಜನ ನಾವು. ಅಂಥ ಭಯ ಹೊತ್ತು ಬಂದವನ ಕೈಗೆ ತಾಳ ಕೊಟ್ಟು ಪಕ್ಕದ ಮಂಚದವನ ಜೊತೆ ಕೂರಿಸಿದರೆ ಅವನ ಭುಜ ಸಡಿಲವಾಗುವುದು ಕಣ್ಣಿಗೆ ಕಾಣುತ್ತದೆ. ನಾನು ನೋಡುವುದು ಒಂದೇ: ಹಾಡನ್ನು ಆರಿಸಿದವರು ಯಾರು? ಬೇಡ ಅನ್ನುವ ಅವಕಾಶ ಇದೆಯಾ? ಕಲಿಯುವ ಕಾಲದಲ್ಲಿ ನಾನು ಇದ್ದ ಒಂದು ವಾರ್ಡಿನಲ್ಲಿ ಸ್ಪೀಕರಿನಿಂದ ದಿನವಿಡೀ ಸಿನಿಮಾ ಹಾಡು ಬರುತ್ತಿತ್ತು. ಕಿವಿಯಲ್ಲಿ ಮೊದಲೇ ಧ್ವನಿಗಳು ಕೇಳುವವರಿಗೆ ಅದು ಶಿಕ್ಷೆ. ತಲೆದಿಂಬನ್ನು ಕಿವಿಗೆ ಒತ್ತಿಕೊಂಡು ಮಲಗುತ್ತಿದ್ದರು. ಇನ್ನು ಕೆಲವರು ತಾವೇ ಮೆಲ್ಲಗೆ ಗುನುಗಿಕೊಂಡು ಆ ಧ್ವನಿಗಳನ್ನು ತಗ್ಗಿಸಿಕೊಳ್ಳುತ್ತಿದ್ದರು. ಮುಸ್ಲಿಂ ರೋಗಿಗೆ ಭಜನೆ ಹಾಡು ಅಂತ ಒತ್ತಾಯ ಮಾಡುವುದೂ ತಪ್ಪು. ಅವನಿಗೆ ನಾತ್ (ಪೈಗಂಬರರ ಸ್ತುತಿಯ ಹಾಡು) ಗೊತ್ತಿದ್ದರೆ ಅದನ್ನೇ ಹಾಡಲಿ.

ಈಗ ನಡುಗುವ ಕೈ. ನನ್ನ ಪ್ರಕಾರ ನಿಮ್ಮ ಪತ್ರದಲ್ಲಿ ಬಹಳ ಮುಖ್ಯವಾದ ಸಾಲು ಇದೇ. ಲಿಥಿಯಂನಿಂದ ಸಣ್ಣ ನಡುಕ ಬರುವುದು ಮಾಮೂಲಿ. ಬೇರೆಯವರಿಗೆ ಚಹಾದ ಕಪ್ ಹಿಡಿದಾಗ ಗೊತ್ತಾಗುತ್ತದೆ. ಪೇಟಿ ಬಾರಿಸುವವನಿಗೆ ಪ್ರತಿ ಸ್ವರದಲ್ಲೂ ಗೊತ್ತಾಗುತ್ತದೆ. ಅದನ್ನು ನಾಚಿಕೆಯಿಂದ ಮುಚ್ಚಿಟ್ಟು, ಕೊನೆಗೆ ಒಂದು ದಿನ ಯಾರಿಗೂ ಹೇಳದೆ ಗುಳಿಗೆ ನಿಲ್ಲಿಸಿದ ವಾದಕರನ್ನು ನಾನು ನೋಡಿದ್ದೇನೆ. ಇದಕ್ಕೆ ದಾರಿ ಇದೆ. ಡಾಕ್ಟರು ಗುಳಿಗೆಯ ಪ್ರಮಾಣ ಇಳಿಸಬಹುದು, ಹೊತ್ತು ಬದಲಿಸಬಹುದು, ನಡುಕ ತಗ್ಗಿಸುವ ಇನ್ನೊಂದು ಔಷಧ ಸೇರಿಸಬಹುದು, ಬೇಕಾದರೆ ಲಿಥಿಯಂ ಬದಲು ಬೇರೆಯದನ್ನೇ ಕೊಡಬಹುದು. ಅದಕ್ಕೆ ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ಮೊದಲು ನೋಡಬೇಕು. ರಾತ್ರಿ ಗುಳಿಗೆ ತೆಗೆದುಕೊಂಡು ಸುಮಾರು 12 ಗಂಟೆ ಆದ ಮೇಲೆ, ಬೆಳಗಿನ ಗುಳಿಗೆ ನುಂಗುವ ಮೊದಲು ರಕ್ತ ಕೊಡಬೇಕು. ಥೈರಾಯ್ಡ್, ಕಿಡ್ನಿ ಪರೀಕ್ಷೆಯೂ ಆಗಾಗ ಬೇಕು.

ನಮ್ಮ ಭಾಗದ ಬಿಸಿಲಿನ ಸಲುವಾಗಿ ಇನ್ನೊಂದು ಎಚ್ಚರ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಯಾದಗಿರಿ, ಕಲಬುರಗಿಯಲ್ಲಿ ಹೊಲದಲ್ಲಿ ಬೆವರು ಹರಿದು ನೀರು ಕುಡಿಯದಿದ್ದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ವಾಂತಿ ಭೇದಿ ಆದಾಗಲೂ ಅಷ್ಟೇ. ಉಪ್ಪು ಬಿಟ್ಟು ಉಪವಾಸ ಮಾಡಿದರೂ ಅಷ್ಟೇ, ಶ್ರಾವಣದಲ್ಲಿ ಇದನ್ನು ನೆನಪಿಡಿ. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೋಫಿನಾಕ್ ಗುಳಿಗೆ ತಂದು ನುಂಗುವುದು ಬೇಡ, ಅವೂ ಲಿಥಿಯಂ ಏರಿಸುತ್ತವೆ. ನಡುಕ ದೊಡ್ಡದಾದರೆ, ಮಾತು ತೊದಲಿದರೆ, ನಡೆಯುವಾಗ ಓಲಾಡಿದರೆ, ವಾಂತಿ ಶುರುವಾದರೆ ಮುಂದಿನ ಗುಳಿಗೆ ಕೊಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಗುಳಿಗೆಯನ್ನು ನೀವಾಗಿಯೇ ತಡೆಯಬಹುದಾದ ಸಂದರ್ಭ ಅದೊಂದೇ.

ಕೈ ನಡುಕ ಅನ್ನುವುದು ನೆಪವೂ ಆಗಿರಬಹುದು. ಮೇನಿಯಾ ಇಳಿದ ಮೇಲೆ ಕುಗ್ಗು ಬರುವುದುಂಟು. ಊರವರ ಮುಂದೆ ಏನೇನು ಆಡಿದೆ ಅನ್ನುವ ನಾಚಿಕೆ, ಮತ್ತೆ ಪೇಟಿ ಹಿಡಿದರೆ ಮತ್ತೆ ಹಾಗಾಗುತ್ತದೇನೋ ಅನ್ನುವ ಭಯ ಇರುತ್ತದೆ. ಊಟ, ಗೆಳೆಯರು, ಹೊಲ ಯಾವುದರಲ್ಲೂ ರುಚಿ ಇಲ್ಲದಿದ್ದರೆ ಅದು ಕುಗ್ಗು. ಅದನ್ನೂ ಡಾಕ್ಟರಿಗೆ ಹೇಳಬೇಕು. ಸಾಯುವ ಮಾತು ಬಂದರೆ ಕಾಯಬೇಡಿ. ರಾತ್ರಿಯಾದರೂ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹಾಗಾದರೆ ನಿಮ್ಮ ಮುಂದಿನ ದಾರಿಗಳು ಏನು? ಪೇಟಿ ಮಾರಿದರೆ ಕಾಯಿಲೆ ಹೋಗುವುದಿಲ್ಲ. ಊರಿನಲ್ಲಿ ಅವನಿಗೆ ಇದ್ದ ಹೆಸರು, ಸಂಜೆಯ ಗೆಳೆಯರು ಹೋಗುತ್ತಾರೆ. ‘ಗುಳಿಗೆ ಬಂತು, ಹಾಡು ಹೋಯಿತು’ ಅಂತ ಅವನ ಮನಸ್ಸಿನಲ್ಲಿ ಕೂತರೆ ಗುಳಿಗೆಯೂ ಹೆಚ್ಚು ದಿನ ಉಳಿಯುವುದಿಲ್ಲ. ಗುಳಿಗೆ ಬಿಟ್ಟು ರಾಗ ಕೇಳಿಸುವುದು ಎರಡನೇ ದಾರಿ. ಲಿಥಿಯಂ ಒಮ್ಮೆಲೇ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಮೇನಿಯಾ ಮರಳುವ ಸಂಭವ ಬಹಳ, ಆತ್ಮಹತ್ಯೆಯ ಅಪಾಯವೂ ಏರುತ್ತದೆ. ಇದನ್ನು ಅಣ್ಣನಿಗೆ ಇದೇ ಮಾತಿನಲ್ಲಿ ಓದಿ ಹೇಳಿ. ಆನ್‌ಲೈನಿನಲ್ಲಿ ಸಾವಿರಗಟ್ಟಲೆ ದುಡ್ಡು ಕೇಳುವ ರಾಗ ಚಿಕಿತ್ಸೆಯವರು ‘ಔಷಧ ಬಿಡಿ’ ಅಂದ ಕೂಡಲೇ ಫೋನ್ ಇಡಿ. ತರಬೇತಾದ ಮ್ಯೂಸಿಕ್ ಥೆರಪಿಸ್ಟ್ ಹಾಗೆ ಹೇಳುವುದಿಲ್ಲ. ಅಂಥವರು ನಮ್ಮ ಭಾಗದ ಜಿಲ್ಲೆಗಳಲ್ಲಿ ಸಿಗುವುದು ಕಷ್ಟ, ಅವರಿಗಾಗಿ ಕಾಯುತ್ತಾ ಕೂರಬೇಕಾಗಿಯೂ ಇಲ್ಲ.

ಮೂರನೆಯದು ಎರಡನ್ನೂ ಇಟ್ಟುಕೊಳ್ಳುವುದು. ನಾನು ಹೇಳುವುದು ಇದನ್ನೇ. ಇದರಲ್ಲೂ ಅಪಾಯ ಇಲ್ಲ ಅಂತಲ್ಲ, ಹಾಡಿನ ಹುರುಪು ಯಾವಾಗ ಕಾಯಿಲೆಯ ಹುರುಪಾಯಿತು ಅಂತ ಗುರುತಿಸುವುದು ಮನೆಯವರಿಗೂ ಕಷ್ಟ. ಅದಕ್ಕೆ ಹಾಡನ್ನು ಅಳೆಯಬೇಡಿ, ನಿದ್ದೆಯನ್ನು ಅಳೆಯಿರಿ. ಎರಡು ರಾತ್ರಿ ಸರಿಯಾಗಿ ಮಲಗದೆಯೂ ದಣಿವು ಕಾಣದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಕಲಬುರಗಿಯವರೆಗೆ ಬರಲು ಆಗದಿದ್ದರೆ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ಸುರಪುರದಲ್ಲಿ ಯಾವ ದಿನ ಅಂತ ವಿಚಾರಿಸಿ. ಹೋಗುವಾಗ ಅವನ ಕೈಯಿಂದ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಸಿ ಒಯ್ಯಿರಿ, ನಡುಕ ಎಷ್ಟಿದೆ ಅಂತ ಅಕ್ಷರವೇ ಹೇಳುತ್ತದೆ.

ಪೇಟಿಯನ್ನು ಮೊದಲು ಮನೆಯಲ್ಲೇ ತೆರೆಯಲಿ. ಹಗಲು ಹೊತ್ತು, ಸ್ವಲ್ಪವೇ ಹೊತ್ತು, ನಿಧಾನದ ಪದ. ಅಮೆರಿಕದ ಇರಾ ಆಲ್ಟ್‌ಶುಲರ್ ಅನ್ನುವ ಮನೋವೈದ್ಯ 1940ರ ದಶಕದಲ್ಲಿ ಒಂದು ಮಾತು ಹೇಳಿದ, ಥೆರಪಿಸ್ಟರು ಈಗಲೂ ಪಾಲಿಸುತ್ತಾರೆ: ಸಂಗೀತವನ್ನು ರೋಗಿಯ ಮನಸ್ಸು ಈಗ ಎಲ್ಲಿದೆಯೋ ಅಲ್ಲಿಂದಲೇ ಶುರು ಮಾಡಬೇಕು, ಆಮೇಲೆ ಮೆಲ್ಲಗೆ ಬೇಕಾದ ಕಡೆ ತರಬೇಕು. ಅವನು ಸಪ್ಪಗಿದ್ದಾಗ ಜಬರ್ದಸ್ತಿಯಿಂದ ಕುಣಿಯುವ ಹಾಡು ಹಾಕಬೇಡಿ. ಪೇಟಿ ಬೇಡ ಅಂದರೆ ತಾಳ ಹಿಡಿಯಲಿ, ತಾಳಕ್ಕೆ ನಡುಕ ಅಡ್ಡಿಯಾಗುವುದು ಕಡಿಮೆ. ಅದೂ ಬೇಡ ಅಂದರೆ ಸುಮ್ನೆ ಕೂತು ಕೇಳಲಿ.

ಶ್ರಾವಣಕ್ಕೆ ಕಳಿಸಿ, ಅವನಿಗೆ ಮನಸ್ಸಿದ್ದರೆ ಮಾತ್ರ. ಮೇಳದ ಹಿರಿಯರ ಜೊತೆ ಮೊದಲೇ ಮಾತಾಡಿ. ಇವನ ಪದ ಶುರುವಿಗೇ ಇಟ್ಟುಕೊಳ್ಳಲಿ, ಸರದಿ ನಡುರಾತ್ರಿಗೆ ಬೇಡ. ಒಂಬತ್ತೂವರೆಗೆ ನೀವೋ ಕಾಕಾನೋ ಹೋಗಿ ಕರೆದುಕೊಂಡು ಬನ್ನಿ. ಕಾಕಾನೇ ಹೋದರೆ ಇನ್ನೂ ಒಳ್ಳೆಯದು. ಊಟ, ಗುಳಿಗೆ, ಹತ್ತು ಗಂಟೆಗೆ ಹಾಸಿಗೆ. ಅಹೋರಾತ್ರಿ ಭಜನೆ ಈ ವರ್ಷ ಬೇಡ. ಮುಂದಿನ ವರ್ಷವೂ ಬಹುಶಃ ಬೇಡ.